ಏಳನೇ ಕಲಮು

ವಿಲೇಪಾರ್ಲೆ, ಮೂರನೇ ಮಹಡಿ. ಕಿಟಕಿಗೆ ಎರಡು ಪದರ ಗಾಜು.
ಕೆಳಗೆ ರನ್‌ವೇ ತುದಿಯಲ್ಲಿ ವಿಮಾನಗಳು
ರೇಷನ್ ಅಂಗಡಿಯ ಮುಂದೆ ಚೀಲ ಇಟ್ಟು ಕಾದವರ ಹಾಗೆ
ಸರತಿಯಲ್ಲಿ ನಿಂತಿವೆ.
ನನ್ನ ಮೇಜಿನ ಮೇಲೆ ಇನ್ನೂ ಹಾರದವುಗಳ ಕಡತ.

ಅರವತ್ತು ಸಾವಿರ ಅಡಿಯ ಮೇಲೆ
ಯಾರು ಯಾರಿಗೆ ದಾರಿ ಬಿಡಬೇಕು?
ಆರನೇ ಕಲಮಿನ ತನಕ ಸಲೀಸಾಗಿ ಬಂದಿದ್ದೆ.

ಬಿಸಿಲುಂಡು ತಿಂಗಳುಗಟ್ಟಲೆ ಇಳಿಯದೆ ಸುತ್ತುವ
ಬಿದಿರುಕಡ್ಡಿ ರೆಕ್ಕೆಯದೊಂದು;
ತನ್ನ ಸದ್ದನ್ನೇ ಹಿಂದೆ ಬಿಟ್ಟು ಓಡುವುದೊಂದು;
ಗಾಳಿ ಕರೆದತ್ತ ಹೋಗುವ ಬಲೂನು ಇನ್ನೊಂದು.
ಮೂರೂ ಒಂದೇ ಓಣಿಯಲ್ಲಿ ಎದುರಾದರೆ?

ಓಣಿ ಅಂದೆ. ತಪ್ಪು.
ಅಲ್ಲಿ ಓಣಿಯಿಲ್ಲ, ತಿರುವಿಲ್ಲ,
ವಿಳಾಸ ಕೇಳೋಣವೆಂದರೆ ಮೂಲೆಯ ಪಾನ್‌ಪಟ್ಟಿಯಿಲ್ಲ.
ನಮ್ಮ ರಾಡಾರು ಅಷ್ಟೆತ್ತರಕ್ಕೆ ಕತ್ತೆತ್ತಿದರೆ
ಟೊಪ್ಪಿಗೆ ಬಿದ್ದುಹೋಗುತ್ತದೆ.

ಹೆಸರೂ ಇನ್ನೂ ಕೂತಿಲ್ಲ.
'ಮೇಲಿನ ಆಕಾಶ' ಎಂದಿರಲಿ, ಅಂದರು ದಿಲ್ಲಿಯವರು.
ಮೇಲಿಲ್ಲದ ಆಕಾಶ ಯಾವುದು, ಸ್ವಾಮಿ?
ನಮ್ಮ ಇಂಡಿ ತಾಲೂಕಿನಲ್ಲಿ ಮುಗಿಲೆಂದರೆ ಇಡೀ ಆಕಾಶ;
ನಂಜನಗೂಡಿನ ನನ್ನ ಹೆಂಡತಿಗೆ ಮುಗಿಲೆಂದರೆ ಬರೀ ಮೋಡ.
ಹದಿನೆಂಟು ವರ್ಷದ ಸಂಸಾರ,
ಈ ಗಡಿ ಇತ್ಯರ್ಥವಾಗಿಲ್ಲ.

ಸಾಂತಾಕ್ರೂಜ್ ವೇಧಶಾಲೆಗೆ ಹೋದೆ, ಬೆಳಕು ಹರಿಯುವ ಮುಂಚೆ.
ಹರ್ಷಲಾ ಪೆಡ್ಣೇಕರ್ ಬಲೂನಿನ ಕತ್ತು ಬಿಗಿಯುತ್ತಿದ್ದರು,
ಎಮ್ಮೆಕರುವಿಗೆ ಹಗ್ಗ ಹಾಕುವವರ ಗತ್ತಿನಲ್ಲಿ.
'ನೀವು ಕಾನೂನು ಬರೆಯುತ್ತಿದ್ದೀರಂತೆ.
ನಾವು ದಿನವೂ ಅಲ್ಲಿಗೇ ಹೋಗಿ ಬರುತ್ತೇವೆ.
ಟವರಿಗೆ ಒಂದು ಫೋನು, ಅಷ್ಟೇ.'
ಮೇಲೇರಿದಂತೆ ಚಳಿ, ಇನ್ನೂ ಚಳಿ,
ಸೊನ್ನೆಯ ಕೆಳಗೆ ಎಂಬತ್ತು;
ಅದನ್ನೂ ದಾಟಿದರೆ ಮತ್ತೆ ಬೆಚ್ಚಗಾಗುತ್ತದೆ, ಅಂದರು,
ಬಾಣಂತಿಕೋಣೆಯ ಬಾಗಿಲು ತೆರೆದ ಹಾಗೆ.
ಆಮೇಲೆ ರಬ್ಬರು ಉಬ್ಬಿ, ಉಬ್ಬಿ,
ಒಂದು ಮನೆಯಷ್ಟಾಗಿ,
ಯಾರಿಗೂ ಕೇಳದಂತೆ ಒಡೆಯುತ್ತದೆ.

ಕೈ ಬಿಟ್ಟರು. ಹೋಯಿತು.
ಹುಣಿಸೆಬೀಜದಷ್ಟಾಗುವ ತನಕ ನೋಡಿದೆ, ಆಮೇಲೆ
ನೋಡುತ್ತಿದ್ದೇನೆಂದುಕೊಂಡೆ.

ನಾರಳಿ ಹುಣ್ಣಿಮೆ ಕಳೆದು ದೋಣಿಗಳು ಕಡಲಿಗಿಳಿದ ಮೂರನೇ ದಿನ
ವರ್ಸೋವಾದ ದಾಮಾಜಿ ತಾಂಡೇಲ್ ಕಚೇರಿಗೆ ಬಂದರು.
ಕಂಕುಳಲ್ಲಿ ಥರ್ಮೋಕೋಲಿನ ಪುಟ್ಟ ಪೆಟ್ಟಿಗೆ,
ಹಿಂದೆ ಎಳೆದುಕೊಂಡು ಬಂದ ಉದ್ದನೆ ದಾರ.
ಮೂಡಣ ಗಾಳಿ ನೂಕಿಕೊಂಡು ಹೋಗಿ ಕಡಲಿಗೆ ಹಾಕಿತ್ತು,
ಕಡಲು ಅವರ ಬಲೆಗೆ.
'ದಾರ ಸುತ್ತಿಕೊಂಡು ಬಲೆ ಹರಿದಿದೆ.
ಗಾಳಿಯವರ ಹತ್ತಿರ ಹೋದೆ,
ಅವರು ಆಕಾಶದವರ ಹತ್ತಿರ ಕಳಿಸಿದರು.'

ಕೂರಿಸಿದೆ. ಚಹಾ ತರಿಸಿದೆ. ಕೇಳಿಯೇಬಿಟ್ಟೆ:
ನೀರಿನ ಮೇಲೆ ಯಾರು ಯಾರಿಗೆ ದಾರಿ?

ಇಷ್ಟು ದೊಡ್ಡ ಆಫೀಸಿನಲ್ಲಿ ಇಷ್ಟೂ ಗೊತ್ತಿಲ್ಲವೇ ಎಂಬಂತೆ ನೋಡಿ,
ಬಶಿಯಲ್ಲಿ ಚಹಾ ಸುರಿದುಕೊಂಡು ಆರಿಸುತ್ತ:
'ಬಲೆ ಬಿಟ್ಟವನಿಗೆ.
ಅವನು ತಿರುಗಲಾರ.
ತಿರುಗಬಲ್ಲವನು ತಿರುಗಬೇಕು.'

ಬರೆದುಕೊಂಡೆ.

ಮುಂದಿನ ತಿಂಗಳ ಸಭೆಯಲ್ಲಿ ಆ ಮೂರು ಪದ
ಅರವತ್ತನಾಲ್ಕು ಪದಗಳಾದವು,
ಎರಡು ಉಪಕಲಮು, ಒಂದು 'ತಕ್ಕಮಟ್ಟಿಗೆ', ಒಂದು 'ಸಾಧ್ಯವಿದ್ದಲ್ಲಿ'.
ಒಳಗೆಲ್ಲೋ ತಾಂಡೇಲರ ಬಶಿ ಇದೆ,
ಗೊತ್ತಿದ್ದವನಿಗೆ ಕೇಳುತ್ತದೆ ಸುರ್ರೆಂದು.

ಬಲೆಯ ದುಡ್ಡಿಗೆ ಮಾತ್ರ ಯಾವ ನಮೂನೆಯಲ್ಲೂ ಕಾಲಮಿಲ್ಲ.
ಮೂರು ಟಿಪ್ಪಣಿ ಬರೆದೆ. ಮೂರೂ
ಯಾವ ಎತ್ತರದಲ್ಲಿ ತೇಲುತ್ತಿವೆಯೋ.

ಪೆಟ್ಟಿಗೆ ನನ್ನ ಕಪಾಟಿನ ಮೇಲಿದೆ.
ದಿಲ್ಲಿಯಿಂದ ಬಂದವರು ಬಾಗಿಲಲ್ಲೇ ನಿಂತು
ಮೂಗು ಅರಳಿಸುತ್ತಾರೆ, ಏನಿದು ವಾಸನೆ?
ಸರ್, ಲಕ್ಷ ಅಡಿ ಮೇಲಿನದು, ಅನ್ನುತ್ತೇನೆ.
ಮಳೆ ಹಿಡಿದ ದಿನ ಇನ್ನೂ ಜೋರು:
ಬೊಂಬಿಲು, ಉಪ್ಪು, ಸ್ವಲ್ಪ ಡೀಸೆಲು.